ಮಗಳು ಬೆಳೀತಿದ್ದಾಳೆ, ಮುಂದಿನ ಕಾರ್ ಸೀಟ್ ಯಾವುದು?

ಪ್ರಶ್ನೆ: ಮಗಳಿಗೆ ಎರಡು ವರ್ಷ. ಇನ್ನೂ ಹಿಂದಕ್ಕೆ ಮುಖ ಮಾಡುವ ಸೀಟಿನಲ್ಲೇ ಕೂರುತ್ತಾಳೆ. ಕಾಲು ಚಾಚೋಕೆ ಜಾಗ ಇಲ್ಲ ಪಾಪ. ಮುಂದಕ್ಕೆ ತಿರುಗಿಸಲಾ? ದೊಡ್ಡವಳಾಗುವವರೆಗೂ ಬರುವ ಒಂದೇ ಸೀಟ್ ತಗೊಂಡರೆ ಸಾಕಾ? ದಿನಾ ನನ್ನ ಕಾರಿನಿಂದ ಅಜ್ಜಿಯ ಕಾರಿಗೆ ಬದಲಿಸಬೇಕು, ಅದೇ ದೊಡ್ಡ ತಲೆನೋವು.

ಉತ್ತರ: ಕಾಲು ಮಡಚಿಕೊಂಡರೆ ತೊಂದರೆ ಇಲ್ಲ, ಮಕ್ಕಳು ಹೇಗೂ ಹಾಗೇ ಕೂರುತ್ತವೆ ಅಲ್ವಾ. ನೋಡಬೇಕಾದ್ದು ಸೀಟಿನ ಮೇಲೆ ಬರೆದಿರುವ ಎತ್ತರ, ತೂಕದ ಮಿತಿ. ಅದು ದಾಟುವವರೆಗೆ ಹಿಂದಕ್ಕೇ ಇರಲಿ. ಈ ವಯಸ್ಸಿನಲ್ಲಿ ತಲೆ ಭಾರ, ಕತ್ತು ಎಳೆಯದು. ಹಿಂದಕ್ಕೆ ಮುಖ ಮಾಡಿ ಕೂತಿದ್ದರೆ, ಎದುರಿನಿಂದ ಡಿಕ್ಕಿಯಾದಾಗ ಹೊಡೆತ ಕತ್ತಿನ ಮೇಲೇ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮಕ್ಕಳ ಕಾರ್ ಸೀಟಿಗೆ ಇರುವ ವಿಶ್ವಸಂಸ್ಥೆಯ ಆರ್129 ಸುರಕ್ಷತಾ ನಿಯಮ 15 ತಿಂಗಳವರೆಗೆ ಹಿಂದಕ್ಕೆ ಇರಬೇಕು ಅನ್ನುತ್ತದೆ, ಆದರೆ ಅದು ಕನಿಷ್ಠ ಮಾತ್ರ.

ಇನ್ನೊಬ್ಬರು: ಎರಡೂ ಕಾರಿನಲ್ಲಿ ಐಸೋಫಿಕ್ಸ್, ಅಂದರೆ ಬೆಲ್ಟ್ ಬದಲು ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಕೊಂಡಿ, ಇದೆಯಾ?

ಕೇಳಿದವರು: ಅಜ್ಜಿಯ ಕಾರಿನಲ್ಲಿ ಇಲ್ಲ. ಹಳೇ ಗಾಡಿ.

ಇನ್ನೊಬ್ಬರು: ಹಾಗಾದರೆ ಕಾರಿನ ಬೆಲ್ಟಿನಿಂದಲೂ ಕಟ್ಟಬಹುದಾದ ಹಗುರ ಸೀಟ್ ನೋಡಿ. ಗಿರಗಿರ ತಿರುಗುವ ಸೀಟ್ ಚೆಂದ, ಆದರೆ ದಿನಾ ಎತ್ತೋಕೆ ಭಾರ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಕಡೆ ಹಿಡಿದು ಅಲ್ಲಾಡಿಸಿ. 2.5 ಸೆಂ.ಮೀ.ಗಿಂತ ಜಾಸ್ತಿ ಜರುಗಬಾರದು. ಒಂದೇ ಸೀಟ್ ತಗೊಳ್ಳುವುದಾದರೆ, ಹಿಂದಕ್ಕೆ ಎಷ್ಟು ತೂಕದವರೆಗೆ ಬರುತ್ತದೆ ಅಂತ ಮೊದಲು ಕೇಳಿ. ಅಜ್ಜಿಗೂ ಒಮ್ಮೆ ಕಟ್ಟೋಕೆ ಹೇಳಿ, ಅಲ್ಲೇ ಗೊತ್ತಾಗುತ್ತದೆ.