ಡೆವಿನ್ ಹೆಸ್ಟರ್ ರಿಸೀವರ್ ಆಗಿ ಸಾಧಾರಣ, ಹಾಲ್ ಆಫ್ ಫೇಮ್ ಯಾಕೆ?

ರಾಘು_ಮೈಸೂರು:
ಎಲ್ಲರಿಗೂ ನಮಸ್ಕಾರ. ನಾನು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡಲು ಶುರು ಮಾಡಿದ್ದು ಇತ್ತೀಚೆಗೆ. ಅಕ್ಕನ ಮಗ ಶಿಕಾಗೋದಲ್ಲಿ ಓದುತ್ತಿದ್ದಾನೆ, ಅವನಿಂದ ಬೇರ್ಸ್ ತಂಡದ ಹುಚ್ಚು ಹತ್ತಿತು. ಫೋನ್ ಮಾಡಿದಾಗಲೆಲ್ಲ ಡೆವಿನ್ ಹೆಸ್ಟರ್ ಹೆಸರು ತೆಗೆಯುತ್ತಾನೆ. ಲೆಕ್ಕ ತೆಗೆದು ನೋಡಿದೆ. ವೈಡ್ ರಿಸೀವರ್ (ಎಸೆದ ಚೆಂಡನ್ನು ಹಿಡಿದು ಓಡುವವನು) ಆಗಿ ಒಟ್ಟು 255 ಕ್ಯಾಚ್, 3,311 ಯಾರ್ಡ್, 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆ ಮುಟ್ಟಿಸುವುದು). ಹನ್ನೊಂದು ಸೀಸನ್‌ಗೆ ಇದು ಕಡಿಮೆ ಅಲ್ವಾ? ಒಂದು ವರ್ಷವೂ 1,000 ಯಾರ್ಡ್ ಮುಟ್ಟಿಲ್ಲ. ಆದರೂ 2024ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದಾರೆ. ಕಿಕ್ ಹಿಡಿದು ವಾಪಸ್ ಓಡುವ ಅವಕಾಶ ಒಂದು ಮ್ಯಾಚ್‌ನಲ್ಲಿ ಕೆಲವೇ ಸಲ ಸಿಗುತ್ತದೆ. ಅಷ್ಟಕ್ಕೇ ಇಷ್ಟು ದೊಡ್ಡ ಗೌರವವಾ? ಗೊತ್ತಿರುವವರು ಬಿಡಿಸಿ ಹೇಳಿ.

ಸುಮಾ_ಅರೋರಾ:
ರಾಘು ಅವರೇ, ನೀವು ಹೇಳಿದ ಅಂಕಿ ಸರಿಯಾಗಿದೆ. ಆದರೆ ಅವನನ್ನು ಒಳಗೆ ಕರೆದುಕೊಂಡದ್ದು ಆ ಅಂಕಿ ನೋಡಿ ಅಲ್ಲ. ಮುಖ್ಯವಾಗಿ ರಿಟರ್ನರ್ ಆಗಿ, ಅಂದರೆ ಎದುರಾಳಿಯ ಕಿಕ್ ಹಿಡಿದು ವಾಪಸ್ ಓಡುವವನಾಗಿ ಆಡಿ ಹಾಲ್ ಆಫ್ ಫೇಮ್ ಸೇರಿದವರಲ್ಲಿ ಹೆಸ್ಟರ್ ಮೊದಲಿಗ.

ನಾನು ಇಲಿನಾಯ್‌ಗೆ ಬಂದ ವರ್ಷವೇ, 2006ರಲ್ಲಿ, ಬೇರ್ಸ್ ಅವನನ್ನು ಡ್ರಾಫ್ಟ್‌ನ (ಹೊಸ ಆಟಗಾರರ ಆಯ್ಕೆ) ಎರಡನೇ ಸುತ್ತಿನಲ್ಲಿ ತೆಗೆದುಕೊಂಡಿತು. ಆಗ ಅವನು ರಿಸೀವರ್ ಅಲ್ಲವೇ ಅಲ್ಲ, ಎದುರಾಳಿ ರಿಸೀವರ್‌ನನ್ನು ತಡೆಯುವ ಕಾರ್ನರ್‌ಬ್ಯಾಕ್. ನನಗೆ ಆಟದ ನಿಯಮ ಪೂರ್ತಿ ಅರ್ಥವಾಗುವ ಮೊದಲೇ ಅವನು ಅರ್ಥವಾಗಿದ್ದ. ಆ ಅಕ್ಟೋಬರ್‌ನಲ್ಲಿ ಅರಿಝೋನಾ ಮೇಲೆ ಬೇರ್ಸ್ 20-0 ಹಿಂದಿತ್ತು. ಬೇರ್ಸ್‌ನ ಅಫೆನ್ಸ್ ಇಡೀ ಮ್ಯಾಚ್‌ನಲ್ಲಿ ಒಂದೂ ಟಚ್‌ಡೌನ್ ಗಳಿಸಲಿಲ್ಲ. ಡಿಫೆನ್ಸ್ ಎರಡು ತಂದಿತು. ಕೊನೆಗೆ ಹೆಸ್ಟರ್ ಒಂದು ಪಂಟ್ (ಚೆಂಡು ಬಿಟ್ಟುಕೊಡುವಾಗ ಎದುರಾಳಿ ದೂರಕ್ಕೆ ಒದೆಯುವ ಕಿಕ್) ಹಿಡಿದು 83 ಯಾರ್ಡ್ ಓಡಿದ. 24-23ರಲ್ಲಿ ಗೆದ್ದೆವು.

ಮುಂದಿನ ತಿಂಗಳು ಜೈಂಟ್ಸ್ ಮೇಲೆ ಆಡಿದ್ದನ್ನು ಖಂಡಿತ ಹುಡುಕಿ ನೋಡಿ. ಜೈಂಟ್ಸ್ ದೂರದಿಂದ ಫೀಲ್ಡ್ ಗೋಲ್‌ಗೆ (ಕಂಬಗಳ ನಡುವೆ ಚೆಂಡು ಒದ್ದು ಅಂಕ ಪಡೆಯುವುದು) ಪ್ರಯತ್ನಿಸಿತು, ಚೆಂಡು ಕಂಬದವರೆಗೂ ಬರಲಿಲ್ಲ. ಎಂಡ್ ಝೋನ್‌ನ (ಮೈದಾನದ ಕೊನೆಯ ಪಟ್ಟಿ) ತುದಿಯಲ್ಲಿ ಹೆಸ್ಟರ್ ಅದನ್ನು ಹಿಡಿದ. ಆಟ ಮುಗಿಯಿತು ಅನ್ನುವ ಹಾಗೆ ಎರಡು ಹೆಜ್ಜೆ ಸುಮ್ನೆ ನಡೆದ. ಎದುರಿನವರ ಮೈ ಸಡಿಲವಾಯಿತು. ಅಷ್ಟರಲ್ಲಿ ಕಾಲು ಕಿತ್ತ! 108 ಯಾರ್ಡ್. ಹಿಂದಿನ ವರ್ಷ ಬೇರ್ಸ್‌ನವನೇ ಆದ ನೇಥನ್ ವಾಷರ್ ಹೀಗೇ 108 ಯಾರ್ಡ್ ಓಡಿದ್ದ. ಆದರೂ ಜೈಂಟ್ಸ್ ಎಚ್ಚರ ತಪ್ಪಿತ್ತು.

ಆಮೇಲೆ 2007ರ ಫೆಬ್ರವರಿ 4, ಮಯಾಮಿಯಲ್ಲಿ ಲೀಗ್‌ನ ಫೈನಲ್ ಸೂಪರ್‌ಬೌಲ್. ಮಳೆ ಬೇರೆ. ಕೋಲ್ಟ್ಸ್‌ನ ಮೊದಲ ಕಿಕ್ಕನ್ನೇ 8 ಯಾರ್ಡ್ ಗೆರೆಯಲ್ಲಿ ಹಿಡಿದು 92 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಹದಿನಾಲ್ಕೇ ಸೆಕೆಂಡ್. ಸೂಪರ್‌ಬೌಲ್‌ನ ಆರಂಭದ ಕಿಕ್ಕನ್ನು ಹೀಗೆ ಮುಟ್ಟಿಸಿದವನು ಅವನೊಬ್ಬನೇ. ಅಲ್ಲಿಂದ ಮುಂದೆ ಕೋಲ್ಟ್ಸ್ ಅವನ ಕೈಗೆ ಸಿಗದ ಹಾಗೆ ನೆಲಕ್ಕೆ ತಾಗಿಸಿ ಗಿಡ್ಡ ಕಿಕ್ ಹೊಡೆಯತೊಡಗಿತು. ಮ್ಯಾಚ್ ಬೇರ್ಸ್ 29-17ರಲ್ಲಿ ಸೋತಿತು, ಆ ಬೇಜಾರು ನನಗೆ ಇನ್ನೂ ಇದೆ.

ಆ ಗಿಡ್ಡ ಕಿಕ್ಕಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಅವನಿಗೆ ಹೆದರಿ ಚೆಂಡನ್ನು ಗಿಡ್ಡಕ್ಕೆ ಅಥವಾ ಗೆರೆಯಾಚೆ ಹೊಡೆದರೆ, ಬೇರ್ಸ್‌ಗೆ ಹತ್ತು ಹದಿನೈದು ಯಾರ್ಡ್ ಪುಕ್ಕಟೆ ಸಿಗುತ್ತದೆ. ಈ ಲಾಭ ಅವನ ಹೆಸರಿನ ಮುಂದೆ ಎಲ್ಲೂ ಬರೆದಿರುವುದಿಲ್ಲ. ಜಾಂಟಿ ರೋಡ್ಸ್ ಪಾಯಿಂಟ್‌ನಲ್ಲಿ ನಿಂತಾಗ ಬ್ಯಾಟ್ಸ್‌ಮನ್‌ಗಳು ಓಡದೇ ಬಿಟ್ಟ ರನ್ನನ್ನು ಯಾವ ಸ್ಕೋರ್‌ಕಾರ್ಡ್ ತೋರಿಸುತ್ತದೆ ಹೇಳಿ?

ಕಿರಣ್_ಡಲ್ಲಾಸ್:
ಸುಮಾ ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಬೇರ್ಸ್ ಅಭಿಮಾನಿ ಅಲ್ಲ, ಆದರೂ ಒಪ್ಪುತ್ತೇನೆ. ಒಟ್ಟು ಲೆಕ್ಕ ಹೀಗಿದೆ: ಪಂಟ್‌ನಲ್ಲಿ 14, ಕಿಕ್‌ಆಫ್‌ನಲ್ಲಿ (ಆಟ ಶುರು ಮಾಡುವ ಕಿಕ್) 5, ಆ ಫೀಲ್ಡ್ ಗೋಲ್ 1. ಒಟ್ಟು 20 ರಿಟರ್ನ್ ಟಚ್‌ಡೌನ್, ಇದು ದಾಖಲೆ. ಸೂಪರ್‌ಬೌಲ್‌ನದ್ದು ಇದರಲ್ಲಿ ಸೇರಿಲ್ಲ. ಡಿಯಾನ್ ಸ್ಯಾಂಡರ್ಸ್‌ನ 19ನ್ನು ಮುರಿದದ್ದು 2014ರಲ್ಲಿ, ಅಟ್ಲಾಂಟಾ ಪರ ಆಡುವಾಗ. 2011ರಲ್ಲಿ ಕಿಕ್‌ಆಫ್ ಜಾಗವನ್ನು 30ರಿಂದ 35ನೇ ಯಾರ್ಡ್‌ಗೆ ಮುಂದೆ ತಂದರು. ಪೆಟ್ಟು ಬೀಳುವುದು ಕಡಿಮೆಯಾಗಲಿ ಅಂತ. ಅಲ್ಲಿಂದ ಎಷ್ಟೋ ಕಿಕ್‌ಗಳು ನೇರ ಎಂಡ್ ಝೋನ್ ಸೇರಿ ಓಡುವ ಅವಕಾಶವೇ ತಪ್ಪುತ್ತಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಾಘು_ಮೈಸೂರು:
ಇಬ್ಬರಿಗೂ ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಓಡುವವನನ್ನು ರಿಸೀವರ್ ಮಾಡಿದ್ದು ಯಾಕೆ ಹಾಗಾದರೆ?

ಸುಮಾ_ಅರೋರಾ:
ಅವನ ಕೈಗೆ ಚೆಂಡು ಜಾಸ್ತಿ ಸಿಗಲಿ ಅಂತ. ಯೋಚನೆ ತಪ್ಪಲ್ಲ. ಎದುರಾಳಿ ಕಿಕ್ ಮಾಡದಿದ್ದರೆ ನಮ್ಮ ಕ್ವಾರ್ಟರ್‌ಬ್ಯಾಕೇ ಎಸೆಯಲಿ ಅಂದುಕೊಂಡರು. 2007ರಲ್ಲಿ ಬದಲಾಯಿಸಿದರು. ಆದರೆ ವರ್ಷವಾರು ಲೆಕ್ಕ ನೋಡಿ. 2006ರಲ್ಲಿ 6 ರಿಟರ್ನ್ ಟಚ್‌ಡೌನ್, 2007ರಲ್ಲಿ 6. 2008ರಲ್ಲಿ ಸೊನ್ನೆ, 2009ರಲ್ಲಿ ಸೊನ್ನೆ. ರಿಸೀವರ್ ಆಗಿ ಅವನು 665 ಮತ್ತು 757 ಯಾರ್ಡ್ ತಂದದ್ದು ಆ ಎರಡು ವರ್ಷಗಳಲ್ಲೇ. 757 ಅವನ ಜೀವಮಾನದ ಅತಿ ಹೆಚ್ಚು. ರಿಸೀವರ್ ಪ್ರತಿ ಆಟದಲ್ಲೂ ಮೇಲಿಂದ ಕೆಳಗೆ ಓಡಬೇಕು, ಮೈಗೆ ಪೆಟ್ಟು ತಿನ್ನಬೇಕು. ಆಮೇಲೆ ಪಂಟ್‌ಗೆ ನಿಂತಾಗ ಕಾಲಿನಲ್ಲಿ ಆ ಮೊದಲಿನ ಸಿಡಿತ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಅದು ದುಬಾರಿ ಬಿದ್ದ ವ್ಯಾಪಾರ. 757 ಯಾರ್ಡ್ ತರುವ ರಿಸೀವರ್‌ಗಳು ಲೀಗ್‌ನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

2010 ಮತ್ತು 2011ರಲ್ಲಿ ಮೂರು ಮೂರು ಬಂದವು, ನಿಜ. 2013ರಲ್ಲಿ ಹೊಸ ಕೋಚ್ ಮಾರ್ಕ್ ಟ್ರೆಸ್ಟ್‌ಮನ್ ಅವನನ್ನು ಬರೀ ರಿಟರ್ನ್‌ಗೆ ಇಟ್ಟರು. ಆಗ ವಯಸ್ಸು ಮೂವತ್ತು ದಾಟಿತ್ತು. ಆದರೂ ವಾಷಿಂಗ್ಟನ್ ಮೇಲೆ 81 ಯಾರ್ಡ್ ಪಂಟ್ ರಿಟರ್ನ್ ಮಾಡಿ ಸ್ಯಾಂಡರ್ಸ್‌ನ ಸರಿಸಮಕ್ಕೆ ಬಂದ.

ಪೂರ್ತಿ ಒಂದೇ ಮ್ಯಾಚ್ ನೋಡುವುದಾದರೆ 2007ರ ನವೆಂಬರ್‌ನ ಡೆನ್ವರ್ ಮ್ಯಾಚ್ ನೋಡಿ. ಡೆನ್ವರ್ ಅವನಿಗೇ ಕಿಕ್ ಹೊಡೆಯಿತು. ಮೂರನೇ ಕ್ವಾರ್ಟರ್ ಒಂದರಲ್ಲೇ ಪಂಟ್‌ನಲ್ಲಿ 75 ಯಾರ್ಡ್, ಕಿಕ್‌ಆಫ್‌ನಲ್ಲಿ 88 ಯಾರ್ಡ್, ಎರಡೂ ಟಚ್‌ಡೌನ್. ಓವರ್‌ಟೈಮ್‌ನಲ್ಲಿ 37-34ರಿಂದ ಬೇರ್ಸ್ ಗೆದ್ದಿತು.