‘ದನಿ ತಗ್ಗಿಸುವ ಶಸ್ತ್ರಚಿಕಿತ್ಸೆ’ ಎನ್ನಬಹುದೇ?

ಪ್ರಶ್ನೆ: ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ತೆಗೆದುಕೊಂಡ ಮೇಲೂ ದನಿ ಸಾಕಷ್ಟು ಒಡೆಯದ ಟ್ರಾನ್ಸ್ ಪುರುಷರಿಗೆ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾಗಿದ್ದ ಪುರುಷರಿಗೆ) ಮಾಡುವ ಮೂರನೇ ಬಗೆಯ ಥೈರೋಪ್ಲಾಸ್ಟಿಯನ್ನು (ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಯನ್ನು) ಕೈಪಿಡಿಯ ಕರಡಿನಲ್ಲಿ ‘ದನಿ ತಗ್ಗಿಸುವ ಶಸ್ತ್ರಚಿಕಿತ್ಸೆ’, ‘ಧ್ವನಿತಂತು ಶಿಥಿಲೀಕರಣ’ ಎಂದು ಕರೆದಿದ್ದೇವೆ. ಇವು ಸರಿಯೇ?

ಉತ್ತರ: ಎರಡೂ ಬೇಡ. ‘ದನಿ ತಗ್ಗಿಸು’ ಅಂದರೆ ಮೆಲ್ಲಗೆ ಮಾತಾಡು ಅಂತಲೇ ನಮ್ಮವರು ತಿಳಿಯುವುದು. ಇಲ್ಲಿ ಇಳಿಯಬೇಕಾದ್ದು ಶ್ರುತಿ, ಅಂದರೆ ದನಿ ಎಷ್ಟು ಸಣ್ಣ, ಎಷ್ಟು ದಪ್ಪ ಎಂಬ ಮಟ್ಟ. ‘ಶ್ರುತಿ ಇಳಿಸುವ ಶಸ್ತ್ರಚಿಕಿತ್ಸೆ’ ಎಂದು ಬರೆದು, ಮೊದಲ ಸಲ ‘ಸಣ್ಣ ದನಿಯನ್ನು ದಪ್ಪ ಮಾಡುವುದು’ ಎಂದು ಬಿಡಿಸಿ ಹೇಳಿ. ತಂತು ಸಡಿಲವಾದ ಮೇಲೆ ಕೆಲವರಿಗೆ ದನಿಯ ಜೋರೂ ಕುಗ್ಗುತ್ತದೆ, ಕೂಗಿ ಕರೆಯಲು ಕಷ್ಟವಾಗುತ್ತದೆ. ಅದು ಅಡ್ಡಪರಿಣಾಮ. ಉದ್ದೇಶಕ್ಕೂ ಅಡ್ಡಪರಿಣಾಮಕ್ಕೂ ಒಂದೇ ಮಾತು ಬಳಸಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಅನ್ಯಾಯವಾಗುತ್ತದೆ.

‘ಶಿಥಿಲ’ ಓದಿದರೆ ಪಾಳುಬಿದ್ದ ಗುಡಿ ಕಣ್ಣಿಗೆ ಬರುತ್ತದೆ. ‘ಸಡಿಲಿಸು’ ಸಾಕು, ಮಾಡುವುದೂ ಅದನ್ನೇ. ಧ್ವನಿತಂತುಗಳ ಮುಂದಿನ ತುದಿ ಕತ್ತಿನ ಮುಂಭಾಗದ ಥೈರಾಯ್ಡ್ ಮೃದ್ವಸ್ಥಿಯ (ಧ್ವನಿಪೆಟ್ಟಿಗೆಯ ಮೆದುಮೂಳೆಯ) ಒಳಬದಿಗೆ ಅಂಟಿಕೊಂಡಿರುತ್ತದೆ. ಆ ಮೃದ್ವಸ್ಥಿಯ ಒಂದು ಅಥವಾ ಎರಡೂ ಪಕ್ಕದಿಂದ ಸುಮಾರು 2ರಿಂದ 5 ಮಿ.ಮೀ. ಅಗಲದ ಪಟ್ಟಿಯನ್ನು ಉದ್ದುದ್ದ ಕತ್ತರಿಸಿ ತೆಗೆದು, ಮುಂದಿನ ತುಂಡನ್ನು ಹಿಂದಕ್ಕೆ ಸರಿಸಿ ಹೊಲಿಯುತ್ತಾರೆ. ತಂತುಗಳ ಉದ್ದವೂ ಬಿಗಿಯೂ ಕಡಿಮೆಯಾಗಿ, ಅವು ನಿಧಾನ ಕಂಪಿಸುತ್ತವೆ. ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಡುವುದು, ನಡುವೆ ಮಾತಾಡಿಸಿ ಶ್ರುತಿ ಕೇಳಿ ನೋಡಲಿಕ್ಕಾಗಿ. ಮೃದ್ವಸ್ಥಿಯ ಒಳಪೊರೆ ಹರಿಯಬಾರದು, ಹರಿದರೆ ರಕ್ತ ಕಟ್ಟಿ ಊತ ಬರಬಹುದು, ಊದಿದ ತಂತಿನ ದನಿ ಕೇಳಿ ಅಳತೆ ಮಾಡಿದರೆ ಲೆಕ್ಕ ತಪ್ಪುತ್ತದೆ.

‘ಥೈರೋಪ್ಲಾಸ್ಟಿ’ಯನ್ನು ಹಾಗೇ ಇಟ್ಟುಕೊಳ್ಳಿ. ಜಪಾನಿನ ಕ್ಯೋಟೋದ ವೈದ್ಯ ಇಶ್ಶಿಕಿ 1974ರಲ್ಲಿ ವಿವರಿಸಿದ ನಾಲ್ಕು ಬಗೆಗಳಲ್ಲಿ ಇದು ಮೂರನೆಯದು. ನಾಲ್ಕನೆಯದು ಶ್ರುತಿ ಏರಿಸುವಂಥದ್ದು. ಹಾಗಾಗಿ ಸಂಖ್ಯೆ ಬಿಡಬೇಡಿ. ಜೊತೆಗೆ ಥೈರಾಯ್ಡ್ ಗ್ರಂಥಿಯನ್ನು ಮುಟ್ಟುವುದಿಲ್ಲ ಎಂದೂ ಸೇರಿಸಿ. ಹೆಸರು ಕೇಳಿ ಥೈರಾಯ್ಡ್ ಮಾತ್ರೆ ನುಂಗಬೇಕೇನೋ ಎಂದು ಹೆದರುವವರಿದ್ದಾರೆ.

ಫಲಿತಾಂಶಕ್ಕೆ ‘ಗಡಸು ದನಿ’ ಎನ್ನಬೇಡಿ. ಗಡಸು, ಒರಟು, ಉಸಿರು ಬೆರೆತ ದನಿ ಇವೆಲ್ಲ ತೊಡಕುಗಳ ಪಟ್ಟಿಗೆ ಸೇರಿದವು. ‘ಗಂಡು ದನಿ ಕೊಡುವ’ ಎಂಬ ಉಪಶೀರ್ಷಿಕೆಯನ್ನಂತೂ ತೆಗೆದೇಬಿಡಿ: ಮಾತಿನ ಏರಿಳಿತ, ಅನುರಣನ (ಗಂಟಲು, ಬಾಯಲ್ಲಿ ದನಿ ಮೊಳಗುವ ಬಗೆ) ಈ ಶಸ್ತ್ರಚಿಕಿತ್ಸೆಯಿಂದ ಬದಲಾಗುವುದಿಲ್ಲ, ಅದಕ್ಕೆ ವಾಕ್ ಚಿಕಿತ್ಸೆಯೇ ಬೇಕು. ಟೆಸ್ಟೋಸ್ಟಿರಾನ್‌ನಿಂದ ತಂತು ದಪ್ಪವಾಗಿ ಹೆಚ್ಚಿನವರಿಗೆ ಶ್ರುತಿ ತಾನೇ ಇಳಿಯುತ್ತದೆ. ಕತ್ತರಿಸಿದ ಮೃದ್ವಸ್ಥಿ ಮತ್ತೆ ಬೆಳೆದು ಮೊದಲಿನಂತಾಗದು, ಆದ್ದರಿಂದ ಮೊದಲು ಟೆಸ್ಟೋಸ್ಟಿರಾನ್‌ನ ಪರಿಣಾಮವನ್ನು ಕಾದು ನೋಡಬೇಕೆಂಬ ಮಾತು ಮೊದಲ ಪುಟದಲ್ಲೇ ಇರಲಿ.