ಸೀನನ ಕಿಟಕಿ ಪುರಾಣ

ಆಯುಧಪೂಜೆ ಹಿಂದಿನ ದಿನ ನಮ್ಮ ಸೀನ ಬೆಳಗ್ಗಿಂದ ಮಧ್ಯಾಹ್ನದ ಸುಡು ಬಿಸಿಲವರೆಗೂ ಕಿಟಕಿ ಉಜ್ಜಿದ್ದೇ ಉಜ್ಜಿದ್ದು, ಸಂಜೆ ನಾನೂ ಮಂಜನೂ ಕಾಫಿಗೆ ಅಂತ ಹೋಗಿ ನೋಡಿದ್ರೆ ಗಾಜಿಗೆ ಯಾರೋ ದೋಸೆಹಿಟ್ಟು ಬಳಿದಂಗಿತ್ತು.

"ಏನ್ ಹಾಕಿ ತೊಳ್ದೆ?"

"ಸ್ನಾನದ ಸೋಪಿನ ಚೂರೆಲ್ಲ ಕೂಡಿಟ್ಟಿದ್ದೆ ಕಣೋ, ಸುಮ್ನೆ ಯಾಕೆ ವೇಸ್ಟು ಅಂತ ಬಕೆಟ್ಟಲ್ಲಿ ನೆನೆಹಾಕ್ದೆ. ಹೋಗ್ಲಿಲ್ಲ ಅಂತ ಇನ್ನೂ ನಾಲ್ಕು ಚೂರು..."

ಮಂಜ ಹಣೆ ಚಚ್ಕೊಂಡ. "ಮಹಾರಾಯ, ಈಗ ಕಾಣ್ತಿರೋದು ಧೂಳಲ್ಲ, ನಿನ್ ಸೋಪೇ! ಈ ಲೇಔಟಿಗೆ ಕಾವೇರಿ ಇನ್ನೂ ಬಂದಿಲ್ಲ, ಬರೀ ಬೋರ್ ನೀರು, ಅದ್ರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ತುಂಬ್ಕೊಂಡಿರತ್ತೆ, ಸೋಪು ಸೇರಿದ್ರೆ ಹಾಲು ಒಡೆದಂಗೆ ಬಿಳೀ ಜಿಡ್ಡಾಗತ್ತೆ, ಬಚ್ಚಲುಮನೆ ಟೈಲ್ಸ್ ಮೇಲಿರತ್ತಲ್ಲ ಅದೇ. ಸಾಲದ್ದಕ್ಕೆ ಬಿಸಿಲಲ್ಲಿ ತೊಳೆದಿದೀಯ, ವೈಪರ್ ಎಳೆಯೋಕ್ ಮುಂಚೆನೇ ನೀರಾರಿ ಜಿಡ್ಡು ಗಾಜಿಗೇ ಕೂತಿದೆ."

ಗಾಡಿ ಚಕ್ರಕ್ಕೆ ಅಂತ ತಂದಿಟ್ಟಿದ್ದ ನಿಂಬೆಹಣ್ಣಲ್ಲಿ ಒಂದನ್ನ ಹೆಚ್ಚಿ ಉಜ್ಜಿ ನೋಡಿದ್ವಿ, ಹಾಲ್ ಕಿಟಕಿ ಅರ್ಧಕ್ಕರ್ಧ ತಿಳಿಯಾಯ್ತು. ಬಾಲ್ಕನೀದು ಮಾತ್ರ ಜಪ್ಪಯ್ಯ ಅನ್ಲಿಲ್ಲ. ವರ್ಷಗಟ್ಲೆ ಗಿಡಕ್ಕೆ ನೀರು ಹಾಕುವಾಗ ಹಾರಿ ಒಣಗಿರೋ ಚುಕ್ಕೆಗಳು, ಅದ್ರಲ್ಲಿ ಸಿಲಿಕಾನೂ ಇದ್ರೆ ಹುಳಿಗೆಲ್ಲ ಕರಗಲ್ಲ, ಪಾಲಿಶ್ ಪುಡಿ ಹಾಕಿ ತಿಕ್ಕಿಸ್ಬೇಕು.

"ಬೆಡ್‌ರೂಮ್ ಕಿಟಕೀಗೆ ಬ್ಲೇಡ್ ಹಾಕ್ದೆ, ಗೀರು ಬಿತ್ತು. ಎಂಥಾ ಚೀಪ್ ಗಾಜು ಕೊಟ್ಟಿದಾರೆ ನೋಡು ಬಿಲ್ಡರ್ರು."

ನಾನು ಉಗುರಲ್ಲಿ ಮೂಲೆ ಕೆದಕಿದ್ರೆ ಸಿಪ್ಪೆ ಎದ್ದು ಬಂತು. "ಲೋ, ನೀನು ಕೆರೆದಿದ್ದು ಗಾಜಲ್ಲ, ಸನ್ ಫಿಲ್ಮು! ಪ್ಲಾಸ್ಟಿಕ್ ಹಾಳೆಗೆ ಬ್ಲೇಡ್ ಹಾಕ್ತಾರೇನೋ?"

ಸೀನ ಮುಖ ಸಣ್ಣ ಮಾಡ್ಕೊಂಡ. ಹೋದ್ ವರ್ಷ ಅವನೇ ಚೌಕಾಸಿ ಮಾಡಿ ಹಾಕಿಸಿದ್ದಂತೆ, ಮರ್ತೇಬಿಟ್ಟಿದ್ದ.

"ಹೋಗ್ಲಿ, ಈ ಒಂದು ಗಾಜು ನೋಡು, ಬರೀ ಪೇಪರಲ್ಲಿ ಒರೆಸಿದ್ದು, ಪಳಪಳ ಅಂತಿಲ್ವಾ?"

ಮಂಜ ಹತ್ರ ಹೋಗಿ ಬಾಯಿ ತೆಗೆದು "ಹಾ..." ಅಂತ ಉಸಿರು ಬಿಟ್ಟ. ಬೆರಳಿನ ಎಣ್ಣೆ ಜಿಡ್ಡು ಹಂಗೆ ಒಣ ಪೇಪರಿಗೆಲ್ಲ ಬಿಡಲ್ಲ, ಸುಮ್ನೆ ನೋಡಿದ್ರೆ ಕಾಣಲ್ಲ ಅಷ್ಟೆ, ಆವಿ ಬಿದ್ರೆ ಜಿಡ್ಡಿರೋ ಕಡೆ ಒಂಥರಾ ಹನಿ, ಇಲ್ಲದ ಕಡೆ ಇನ್ನೊಂಥರಾ. ಮಂಜು ಮುಸುಕಿದ ಗಾಜಲ್ಲಿ ಒಂದೊಂದೇ ಅಕ್ಷರ ಎದ್ದು ಬಂತು: 'ನಮ್ಮನೆಯವ್ರು ಜಿಪುಣ್ರು'.

"ಪುಟ್ಟೀ! ಬಾರೇ ಇಲ್ಲಿ!" ಅಂತ ಕಿರುಚ್ದ ಸೀನ.

ಮಗಳು ಬಂದು ಓದಿ, "ನಾನಾಗಿದ್ರೆ 'ನಮ್ಮಪ್ಪ' ಅಂತ ಬರೀತಿದ್ದೆ" ಅಂದ್ಲು.

ಅಡುಗೆಮನೇಲಿ ಅತ್ತಿಗೆ ಮಿಕ್ಸಿ ಆನ್ ಮಾಡಿದ್ರು.